ಇಮಾಂ ಅಲಿ ರಜಾ ಅವರ ಜೀವನವನ್ನು ಅಭ್ಯಸಿಸುವ ಕ್ರಮ

ಇಸ್ಲಾಮಿನ ಶಿಯಾ ಪರಂಪರೆಯ ಎಂಟನೆಯ ಇಮಾಂ (ಧರ್ಮನಾಯಕ) ಅಲಿ ರಜಾ ಅವರ ಚರಿತ್ರೆಯನ್ನು ಅರಿಯಬಯಸುವವರು ಅವರ ಜನನದಿಂದ ಆರಂಭಿಸುವುದಕ್ಕಿಂತ ಆಗ ಖಲೀಫರಾಗಿ ಆಳುತ್ತಿದ್ದ ಅಬ್ಬಾಸಿ ಮನೆತನದ ಅಂತಃಕಲಹದಿಂದ ಆರಂಭಿಸುವುದು ಒಳಿತು. 809ರಲ್ಲಿ ಖಲೀಫ ಹಾರೂನ್ ಅಲ್-ರಶೀದ್ ತೀರಿಕೊಂಡ ಬಳಿಕ ಅವನ ಮಕ್ಕಳಾದ ಅಮೀನ್ ಮತ್ತು ಮಾಮೂನ್ ಕಾದಾಡಿದರು. 813ರಲ್ಲಿ ಅಮೀನ್ ಹತನಾದನು. ಇಮಾಮರ ತಂದೆ ಮೂಸಾ ಕಾಝಿಮ್ ಇದೇ ಹಾರೂನನ ಸೆರೆಯಲ್ಲಿ ಮಡಿದಿದ್ದರೆಂಬುದನ್ನು ಇಲ್ಲಿಯೇ ಗುರುತು ಹಾಕಿಕೊಳ್ಳಿ.

ಅನಂತರ 817ನೇ ವರ್ಷಕ್ಕೆ ಹೆಚ್ಚು ಸಮಯ ಕೊಡಿ. ಮದೀನಾದಿಂದ ತಾನಿದ್ದ ಪಟ್ಟಣ ಮರ್ವ್‌ಗೆ ಕರೆಸಿಕೊಂಡ ಇಮಾಮರನ್ನು ಮಾಮೂನ್ ತನ್ನ ಉತ್ತರಾಧಿಕಾರಿಯೆಂದು ಸಾರಿ, ನಾಣ್ಯಗಳಲ್ಲಿ ಅವರ ಹೆಸರನ್ನು ಅಚ್ಚು ಹಾಕಿಸಿ, ಅಬ್ಬಾಸಿಗಳ ಕಪ್ಪು ಬಣ್ಣದ ಬದಲು ಹಸಿರನ್ನು ತಂದನು. ಇದು ಭಕ್ತಿಯೋ, ಇಮಾಮರು ಹುಟ್ಟಿದ, ಪ್ರವಾದಿಯ ಅಳಿಯ ಅಲಿಯ ವಂಶದ ಪರವಾದ ದಂಗೆಗಳನ್ನು ತಣಿಸುವ ಹಂಚಿಕೆಯೋ ಎಂದು ತೀರ್ಮಾನಿಸಲು ಅವಸರ ಬೇಡ (ನನಗಂತೂ ಎರಡನೆಯದೇ ಹೆಚ್ಚು ಸಂಭವನೀಯ ಎನಿಸುತ್ತದೆ). ಆಡಳಿತದಲ್ಲಿ ಕೈಹಾಕುವುದಿಲ್ಲವೆಂಬ ಷರತ್ತಿನ ಮೇಲೆ, ಒಲ್ಲದ ಮನಸ್ಸಿನಿಂದ ಇಮಾಮರು ಒಪ್ಪಿದರೆಂದು ಶಿಯಾ ಗ್ರಂಥಗಳು ಹೇಳುವುದನ್ನೂ ಜೊತೆಗಿಟ್ಟು ನೋಡಿ.

ಈ ನೇಮಕವನ್ನು ಒಪ್ಪದ ಬಾಗ್ದಾದಿನವರು ಬಂಡೆದ್ದು ಮಾಮೂನನ ಚಿಕ್ಕಪ್ಪ ಇಬ್ರಾಹಿಮನನ್ನು ಖಲೀಫನನ್ನಾಗಿ ಮಾಡಿದ್ದು, ಮಾಮೂನ್ ಅತ್ತ ಹೊರಟದ್ದು, ದಾರಿಯಲ್ಲಿ ವಜೀರ ಫಝಲ್ ಕೊಲೆಯಾದದ್ದು, 818ರಲ್ಲಿ ತೂಸ್ ಬಳಿ ಇಮಾಮರು ತೀರಿಕೊಂಡದ್ದು, ಇವೆಲ್ಲವನ್ನೂ ಒಂದೇ ಸರಣಿಯಾಗಿ ಓದಿ. ಅವರಿಗೆ ವಿಷವಿಕ್ಕಲಾಯಿತೆಂಬುದು ಶಿಯಾ ನಂಬಿಕೆ. ಅವರನ್ನು ಹಾರೂನನ ಸಮಾಧಿಯ ಪಕ್ಕದಲ್ಲೇ ಹೂಳಲಾಯಿತು. ಆ ಸ್ಥಳವೇ ಇಂದಿನ ಇರಾನಿನ ಮಶ್‌ಹದ್.