ಹಾವಿನ ಇಂಜೆಕ್ಷನ್ ಎಲ್ಲಿದೆ? ಕೊರತೆಯ ದಿನಗಳಲ್ಲಿ ಹುಡುಕುವ ಕ್ರಮ

ಹಾವು ಕಚ್ಚಿದವರನ್ನು ಗಾಡಿಯಲ್ಲಿ ಮಲಗಿಸಿಕೊಂಡು ದವಾಖಾನೆಯಿಂದ ದವಾಖಾನೆಗೆ ಸುತ್ತುವುದೇ ಪ್ರತಿವಿಷದ ಇಂಜೆಕ್ಷನ್ ಹುಡುಕುವ ರೀತಿ ಎಂದು ನಮ್ಮ ಭಾಗದಲ್ಲಿ ಬಹಳ ಜನ ತಿಳಿದಿದ್ದಾರೆ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 'ಸ್ಟಾಕ್ ಇಲ್ಲ' ಎನ್ನುತ್ತಾರೆ. ತಾಲ್ಲೂಕು ಆಸ್ಪತ್ರೆಗೆ ಬಂದರೆ ಮೂರ್ನಾಲ್ಕು ವಯಲ್ (ಔಷಧದ ಪುಟ್ಟ ಬಾಟಲಿ) ಮಾತ್ರ ಇರುತ್ತವೆ. ಅವನ್ನೂ ಹಾಕಿಸಿಕೊಳ್ಳದೆ 'ನೇರ ವಿಜಯಪುರಕ್ಕೇ ಹೋಗೋಣ' ಎಂದು ಹೊರಟುಬಿಡುತ್ತಾರೆ. ತಾಲ್ಲೂಕು ಆಸ್ಪತ್ರೆಗಳ ಔಷಧ ವಿಭಾಗದಲ್ಲಿ ಕೆಲಸ ಮಾಡಿದ ನಾನು ಮಳೆಗಾಲ ಬಂತೆಂದರೆ ನೋಡುತ್ತಿದ್ದದ್ದು ಇದನ್ನೇ. ಔಷಧವನ್ನು ಹುಡುಕಬೇಕಾದದ್ದು ಫೋನಿನಲ್ಲಿ; ಗಾಡಿ ಹೊರಡುವುದು ಉತ್ತರ ಸಿಕ್ಕ ಕಡೆಗೆ.

ಕೊರತೆ ಏಕೆ ಬರುತ್ತದೆ ಎಂಬುದನ್ನು ಒಂದಿಷ್ಟು ತಿಳಿದಿರುವುದು ಒಳ್ಳೆಯದು. ಈ ಔಷಧಕ್ಕೆ ಬೇಕಾದ ಹಾವಿನ ವಿಷದ ಬಹುಪಾಲು ತಮಿಳುನಾಡಿನಲ್ಲಿ ಹಾವು ಹಿಡಿಯುವ ಇರುಳ ಸಮುದಾಯದವರ ಸಹಕಾರ ಸಂಘದಿಂದ ಬರುತ್ತದೆ. ಆ ವಿಷವನ್ನು ಕುದುರೆಗಳಿಗೆ ಸ್ವಲ್ಪ ಸ್ವಲ್ಪವೇ ಕೊಟ್ಟು, ಅವುಗಳ ರಕ್ತದಿಂದ ಪ್ರತಿವಿಷ ತೆಗೆಯುತ್ತಾರೆ. ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಇಂದು ಬೇಡಿಕೆ ಹೆಚ್ಚಿತೆಂದು ನಾಳೆ ತಯಾರಿಸಿ ಕಳುಹಿಸಲು ಆಗುವುದಿಲ್ಲ. ಇದರ ನಡುವೆ ಮುಂಗಾರು ಬಿತ್ತನೆಯೂ ಹಾವುಗಳ ಓಡಾಟವೂ ಒಂದೇ ಹೊತ್ತಿಗೆ ಬರುತ್ತವೆ.

ಹಂತ 1: ಮೃಗಶಿರಾ ಮಳೆಗೆ ಮೊದಲು ಪಟ್ಟಿ ಮಾಡಿ

ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗ, ತಾಲ್ಲೂಕು ಆರೋಗ್ಯಾಧಿಕಾರಿ, ಜಿಲ್ಲಾ ಆಸ್ಪತ್ರೆ, ಒಂದು ವೈದ್ಯಕೀಯ ಕಾಲೇಜು ಆಸ್ಪತ್ರೆ: ಇಷ್ಟರ ದೂರವಾಣಿ ಸಂಖ್ಯೆಗಳನ್ನು ಕಾಗದದ ಮೇಲೆ ಬರೆದು ಮನೆಯ ಗೋಡೆಗೆ ಅಂಟಿಸಿ. ಮೊಬೈಲಿನಲ್ಲಿ ಇದೆ ಎನ್ನಬೇಡಿ. ಮೊಬೈಲಿನ ಯಜಮಾನನಿಗೇ ಹಾವು ಕಚ್ಚಿರುತ್ತದೆ, ಅದರ ಲಾಕ್ ತೆರೆಯಲು ಉಳಿದವರಿಗೆ ಬರುವುದಿಲ್ಲ. ಕಾಲೇಜು ಆಸ್ಪತ್ರೆ ಎಂದರೆ ವಿಜಯಪುರದಲ್ಲಿ ಬಿ.ಎಲ್.ಡಿ.ಇ., ಬಾಗಲಕೋಟೆಯಲ್ಲಿ ಕುಮಾರೇಶ್ವರ ಆಸ್ಪತ್ರೆ, ಬೆಳಗಾವಿಯಲ್ಲಿ ಬಿಮ್ಸ್ ಮತ್ತು ಕೆ.ಎಲ್.ಇ. ಚಡಚಣದವರಿಗೆ ಸೊಲ್ಲಾಪುರ, ಅಥಣಿಯವರಿಗೆ ಮಿರಜ ಹತ್ತಿರ. ಗಡಿಯಾಚೆಯದು ಎಂದು ಪಟ್ಟಿಯಿಂದ ಬಿಡಬೇಡಿ.

ಹಂತ 2: ಕಚ್ಚಿದ ಕೂಡಲೇ

ಮಲಗಿಸಿ. ಉಂಗುರ, ಕಾಲುಂಗುರ, ಕಡಗ ತೆಗೆಯಿರಿ. ಕಾಲಿಗೆ ಉದ್ದನೆಯ ಕಟ್ಟಿಗೆ ಇಟ್ಟು ಬಟ್ಟೆಯಿಂದ ಸಡಿಲವಾಗಿ ಸುತ್ತಿ. ನಡೆಸಬೇಡಿ. 108ಕ್ಕೆ ಕರೆ ಮಾಡಿ. ಹಗ್ಗ ಬಿಗಿದು ಕಟ್ಟುವುದು, ಬ್ಲೇಡಿನಿಂದ ಗೀರುವುದು, ಬೇವಿನ ಎಲೆ ತಿನ್ನಿಸಿ 'ಕಹಿ ಗೊತ್ತಾಗುತ್ತದೆಯೇ' ಎಂದು ಕೇಳುತ್ತ ಗುಡಿಯ ಕಟ್ಟೆಯ ಮೇಲೆ ಕೂರಿಸುವುದು ಯಾವುದೂ ಬೇಡ. ಆನ್‌ಲೈನಿನಲ್ಲಿ ವಿಷ ಹೀರುವ ಪಂಪ್ ಎಂದು ಮಾರುವ ಪ್ಲಾಸ್ಟಿಕ್ ಸಾಮಾನಿಗೂ ಜಾತ್ರೆಯಲ್ಲಿ ಮಾರುವ ವಿಷಕಲ್ಲಿಗೂ ನನ್ನ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ.

ಹಾವನ್ನು ಹೊಡೆದು ಚೀಲದಲ್ಲಿ ತರುವ ಅಗತ್ಯವೂ ಇಲ್ಲ. ನಮ್ಮಲ್ಲಿ ಸಿಗುವ ಇಂಜೆಕ್ಷನ್ ಒಂದೇ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಅದೇ. ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ನೆಲದ ಮೇಲೆ ಮಲಗಿದವರಿಗೆ ಕಟ್ಟುಹಾವು ರಾತ್ರಿ ಕಚ್ಚಿದರೆ ನೋವೂ ಬಾವೂ ಇಲ್ಲದಿರಬಹುದು. ಬೆಳಗಿನ ಜಾವ ಹೊಟ್ಟೆನೋವು, ಆಮೇಲೆ ರೆಪ್ಪೆ ಜೋಲುವುದು, ಮಾತು ತೊದಲುವುದು. ಅದನ್ನು ವಾಯು ಎಂದುಕೊಂಡು ಓಮಕಾಳಿನ ಕಷಾಯ ಕುಡಿಸುತ್ತ ಕೂರಬಾರದು.

ಹಂತ 3: ಫೋನ್ ಮಾಡುವುದು

ಎಡವುವುದೆಲ್ಲ ಇಲ್ಲಿಯೇ. ಮನೆಯವರೆಲ್ಲ ಗಾಡಿ ಹತ್ತಬೇಡಿ. ಇಬ್ಬರು ರೋಗಿಯ ಜೊತೆ ಹೋಗಲಿ. ಗಾಬರಿಯಾಗದ ಒಬ್ಬರು, ಮನೆಯ ಹಿರಿಯರೇ ಆಗಬೇಕೆಂದಿಲ್ಲ, ಪಿಯುಸಿ ಓದುವ ಮಗಳಾದರೂ ಸರಿ, ಪಟ್ಟಿ ಹಿಡಿದು ಮನೆಯಲ್ಲೇ ಕೂರಲಿ.

'ಹಾವಿನ ಇಂಜೆಕ್ಷನ್ ಇದೆಯೇನ್ರೀ?' ಎಂದು ಕೇಳಿದರೆ 'ಇದೆ' ಎಂದೇ ಉತ್ತರ ಬರುತ್ತದೆ. ಒಂದೇ ವಯಲ್ ಇದ್ದರೂ ಅದು ಸುಳ್ಳಲ್ಲ. ಆದರೆ ವಿಷ ಏರಿದವರಿಗೆ ಮೊದಲ ಸುತ್ತಿಗೇ ಸಾಮಾನ್ಯವಾಗಿ 8ರಿಂದ 10 ವಯಲ್ ಬೇಕು. ಒಟ್ಟು 20, ಕೆಲವೊಮ್ಮೆ 30ರವರೆಗೂ ಹೋಗುತ್ತದೆ. ಮಕ್ಕಳಿಗೂ ಅಷ್ಟೇ, ಏಕೆಂದರೆ ಹಾವು ಮಗುವೆಂದು ವಿಷ ಕಡಿಮೆ ಬಿಡುವುದಿಲ್ಲ. ಹಾಗಾಗಿ ಕೇಳಬೇಕಾದದ್ದು, 'ಈಗ ಎಷ್ಟು ವಯಲ್ ಇವೆ? ಹತ್ತಕ್ಕೆ ಕಡಿಮೆ ಇಲ್ಲವಲ್ಲ?'

ರಾತ್ರಿಯಾಗಿದ್ದರೆ ಇನ್ನೊಂದು ಪ್ರಶ್ನೆ ಸೇರಿಸಿ: 'ಅವು ತುರ್ತು ವಿಭಾಗದಲ್ಲೇ ಇವೆಯೋ, ಸ್ಟೋರಿನಲ್ಲಿವೆಯೋ?' ಸ್ಟೋರಿನಲ್ಲಿದ್ದರೆ ಕೀಲಿ ಯಾರ ಹತ್ತಿರ ಇದೆ ಎಂದು ಕೇಳಿ, ಅವರನ್ನು ಈಗಲೇ ಕರೆಸಿರಿ ಎನ್ನಿ. ದಾಸ್ತಾನು ಪುಸ್ತಕದಲ್ಲಿ 20 ವಯಲ್ ಇದ್ದು, ಕೀಲಿ ಬೇರೆ ಊರಿನಲ್ಲಿ ಮಲಗಿರುವುದು ಕೊರತೆಯ ಇನ್ನೊಂದು ರೂಪ. ಆಮೇಲೆ 'ಡ್ಯೂಟಿ ಡಾಕ್ಟರ್ ಇದ್ದಾರೆಯೇ, ಶುರು ಮಾಡುತ್ತಾರೆಯೇ? ಉಸಿರಾಟ ಕಟ್ಟಿದರೆ ವೆಂಟಿಲೇಟರ್ ಖಾಲಿ ಇದೆಯೇ?' ನಾಗರ ಮತ್ತು ಕಟ್ಟುಹಾವಿನ ವಿಷದಲ್ಲಿ ಉಸಿರಾಟದ ಸ್ನಾಯುಗಳೇ ಸೋಲುತ್ತವೆ, ಇಂಜೆಕ್ಷನ್ ಇದ್ದೂ ಯಂತ್ರವಿಲ್ಲದಿದ್ದರೆ ಅಪಾಯ. ಕೊನೆಗೆ ಮಾತಾಡಿದವರ ಹೆಸರು ಬರೆದುಕೊಳ್ಳಿ. ಹೆಸರು ಕೇಳಿದ ಮೇಲೆ ಎಷ್ಟೋ ಜನ ಎದ್ದು ಹೋಗಿ ಕಪಾಟು ನೋಡಿ ಬಂದು ಉತ್ತರ ಹೇಳುತ್ತಾರೆ!

ಎಲ್ಲೂ ಸರಿಯಾದ ಉತ್ತರ ಬಾರದಿದ್ದರೆ ತಾಲ್ಲೂಕು ಆರೋಗ್ಯಾಧಿಕಾರಿಗೆ ಹೇಳಿ. ಯಾವ ಆರೋಗ್ಯ ಕೇಂದ್ರದಲ್ಲಿ ಎಷ್ಟಿದೆ ಎಂಬ ಲೆಕ್ಕ ತರಿಸಿಕೊಳ್ಳುವುದು ಅವರಿಂದ ಆಗುವ ಕೆಲಸ. ಸಿಂದಗಿಯಲ್ಲಿ ಮಲಗಿದ ರೋಗಿಗೆ ಪಕ್ಕದ ಕೇಂದ್ರದ ವಯಲ್‌ಗಳನ್ನು ಬೈಕಿನ ಮೇಲೆ ತರಿಸುವುದು, ಅವನನ್ನೇ ಮತ್ತೆ ಅರವತ್ತು ಕಿಲೋಮೀಟರ್ ಕುಲುಕಿಸುವುದಕ್ಕಿಂತ ಎಷ್ಟೋ ವಾಸಿ. ಪುಡಿ ರೂಪದ ವಯಲ್ ಆದರೆ ಐಸ್ ಡಬ್ಬಿ ಬೇಕಿಲ್ಲ, ಬಿಸಿಲಿಗೆ ಒಡ್ಡದಿದ್ದರೆ ಸಾಕು. ದ್ರವ ರೂಪದ್ದಕ್ಕೆ 2ರಿಂದ 8 ಡಿಗ್ರಿ ತಂಪು ಬೇಕೇ ಬೇಕು. ಆಯ್ಕೆ ನನ್ನದಾದರೆ ನಮ್ಮ ಬಿಸಿಲಿಗೂ ನಮ್ಮ ಕರೆಂಟಿಗೂ ಪುಡಿಯೇ ಸರಿ.

ಹಂತ 4: ಇದ್ದಷ್ಟು ಹಾಕಿಸಿಕೊಂಡೇ ಮುಂದೆ ಹೊರಡಿ

ವಿಷ ಏರಿದ ಲಕ್ಷಣಗಳಿವೆ, ಅಲ್ಲಿರುವುದು ನಾಲ್ಕೇ ವಯಲ್. ಅದನ್ನೇ ಶುರು ಮಾಡಿ ಕಳುಹಿಸಿ ಎಂದು ವೈದ್ಯರನ್ನು ಕೇಳಿ. ಚೀಟಿಯಲ್ಲಿ ಕಚ್ಚಿದ ಹೊತ್ತು, ಕೊಟ್ಟ ವಯಲ್ ಎಷ್ಟು, ಕೊಟ್ಟ ಹೊತ್ತು ಬರೆಸಿಕೊಳ್ಳಿ. ವೈದ್ಯರೇ ಮುಂದಿನ ಆಸ್ಪತ್ರೆಯ ವೈದ್ಯರಿಗೆ ಒಂದು ಕರೆ ಮಾಡಿದರೆ ನಿಮ್ಮ ಹತ್ತು ಕರೆಗಳಿಗೆ ಸಮ. ಲಕ್ಷಣವೇ ಇಲ್ಲದಿದ್ದರೆ ಇಂಜೆಕ್ಷನ್‌ಗೆ ಹಟ ಹಿಡಿಯಬೇಡಿ. ವಿಷ ರಕ್ತಕ್ಕೆ ಏರಿದೆಯೇ ಎಂದು ತಿಳಿಯಲು ಎರಡು ಮಿಲಿಲೀಟರ್ ರಕ್ತವನ್ನು ಒಣಗಿದ ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಹೆಪ್ಪುಗಟ್ಟಿತೇ ಎಂದು ನೋಡುತ್ತಾರೆ. ನರ್ಸ್ ಸುಮ್ಮನೆ ನಿಂತಿದ್ದಾರೆ ಎಂದು ಕೂಗಾಡುವವರಿಗೆ ಈ ಕೊಳವೆ ಕಾಣುವುದೇ ಇಲ್ಲ.

ಪುಡಿಯನ್ನು ಕರಗಿಸುವುದಕ್ಕೂ ಹೊತ್ತು ಬೇಕು. ಬಾಟಲಿಯನ್ನು ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಬೇಕು. ಗಡಿಬಿಡಿಯಲ್ಲಿ ಕುಲುಕಿದರೆ ನೊರೆ ಎದ್ದು ಔಷಧ ಕೆಡುತ್ತದೆ.

ಕೊರತೆಯ ಕಾಲದ ಕೆಟ್ಟ ದಾರಿಯೆಂದರೆ ಮೆಡಿಕಲ್ ಅಂಗಡಿಯಲ್ಲಿ ಒಂದೆರಡು ವಯಲ್ ಕೊಂಡು ಊರಿನ ಸೂಜಿ ಡಾಕ್ಟರ್ ಬಳಿ ಹಾಕಿಸುವುದು. ಈ ಔಷಧಕ್ಕೆ ಕೆಲವರ ಮೈ ತಿರುಗಿಬೀಳುತ್ತದೆ: ದದ್ದು, ಉಬ್ಬಸ, ರಕ್ತದೊತ್ತಡ ಕುಸಿಯುವುದು. ಅದನ್ನು ತಡೆಯುವ ಅಡ್ರಿನಾಲಿನ್ ಔಷಧದ ಸಿರಿಂಜ್ ಪಕ್ಕದಲ್ಲೇ ಸಿದ್ಧವಿರಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಇದು ಉಚಿತವೆಂಬುದೂ ನೆನಪಿರಲಿ. 2024ರಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿದ್ದು, ಖಾಸಗಿ ಆಸ್ಪತ್ರೆಯೂ ಪ್ರಕರಣವನ್ನು ವರದಿ ಮಾಡಬೇಕು. ನಿಮ್ಮ ಪ್ರಕರಣ ಲೆಕ್ಕಕ್ಕೆ ಬಂದರೆ ಮುಂದಿನ ವರ್ಷದ ಔಷಧ ಬೇಡಿಕೆಯ ಪಟ್ಟಿಯಲ್ಲಿ (ಇಂಡೆಂಟ್) ಅದಕ್ಕೂ ಜಾಗ ಸಿಗುತ್ತದೆ.

ಸಿಂಪಡಣೆಯ ವಿಷವಾದರೆ

ದ್ರಾಕ್ಷಿ ಪಡದಲ್ಲಿ ಔಷಧ ಹೊಡೆಯುವಾಗ ಜೊಲ್ಲು, ಬೆವರು, ವಾಂತಿ ಶುರುವಾಗಿ ಕಣ್ಣಿನ ಪಾಪೆ ಚಿಕ್ಕದಾದರೆ ಬಟ್ಟೆ ಕಳಚಿ, ಸೋಪಿನಿಂದ ಮೈ ತೊಳೆಯಿರಿ. ತೊಳೆಯುವವರು ಕೈಗವಸು ಹಾಕಿಕೊಳ್ಳಲಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಡಬ್ಬಿಯನ್ನೋ ಅದರ ಚೀಟಿಯ ಫೋಟೋವನ್ನೋ ಜೊತೆಗೆ ಒಯ್ಯಿರಿ, ಪ್ರತಿವಿಷದ ಹೆಸರು ಅದರ ಮೇಲೆಯೇ ಅಚ್ಚಾಗಿರುತ್ತದೆ. ಕೀಟನಾಶಕವನ್ನು ನೀರಿನ ಬಾಟಲಿಗೆ ಸುರಿದಿಟ್ಟುಕೊಳ್ಳುವವರ ಮನೆಯಲ್ಲಿ ಈ ಚೀಟಿ ಸಿಗುವುದಿಲ್ಲ. ಇಂಥ ಲಕ್ಷಣಗಳಿಗೆ ಕೊಡುವ ಪ್ರತಿವಿಷ ಅಟ್ರೋಪಿನ್ ಎಷ್ಟಿದೆ ಎಂದು ಫೋನಿನಲ್ಲಿ ಕೇಳಿ. 0.6 ಮಿಲಿಗ್ರಾಂನ ಪುಟ್ಟ ಆಂಪೂಲ್‌ಗಳು ಒಬ್ಬ ರೋಗಿಗೆ ಒಂದೇ ರಾತ್ರಿ ಡಬ್ಬಿಗಟ್ಟಲೆ ಮುಗಿಯುತ್ತವೆ, ಕಪಾಟಿನಲ್ಲಿ ಹತ್ತು ಕಂಡರೆ ನಿಶ್ಚಿಂತೆ ಬೇಡ. ಯಾವ ವಿಷ, ಏನು ಮಾಡಬೇಕು ಎಂದು ಗೊತ್ತಾಗದಿದ್ದರೆ ವೈದ್ಯರಾಗಲಿ ಮನೆಯವರಾಗಲಿ ದೆಹಲಿಯ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರಕ್ಕೆ ಕರೆ ಮಾಡಬಹುದು: 1800 116 117, ಶುಲ್ಕವಿಲ್ಲ.

ಹಂತ 5: ಮನೆಗೆ ಬಂದ ಮೇಲೆ

ಹಾವಿನ ಇಂಜೆಕ್ಷನ್ ಪಡೆದವರಿಗೆ ಒಂದೆರಡು ವಾರದೊಳಗೆ ಜ್ವರ, ಕೀಲುನೋವು, ಮೈ ತುರಿಕೆ ಬರಬಹುದು. ಇದು ಕುದುರೆಯ ಸೀರಮ್ಮಿಗೆ ದೇಹ ತೋರುವ ಪ್ರತಿಕ್ರಿಯೆ, ಮಾತ್ರೆಯಿಂದ ಹೋಗುತ್ತದೆ. ವಿಷ ಮತ್ತೆ ಏರಿತು, ನಾಗದೋಷ ಉಳಿದಿದೆ ಎಂದು ಹೇಳಿ ಹಣ ಕೀಳುವವರು ಆಗ ಬಂದೇ ಬರುತ್ತಾರೆ. ಅವರನ್ನು ಬಾಗಿಲಲ್ಲೇ ಕಳುಹಿಸಿ, ಆಸ್ಪತ್ರೆಯ ಬಿಡುಗಡೆ ಚೀಟಿ ಹಿಡಿದು ಅದೇ ವೈದ್ಯರ ಬಳಿಗೆ ಹೋಗಿ.