ಎಣ್ಣೆ ಹೊಟ್ಟೆಗಲ್ಲ, ಮಂಡಿಗೆ

ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಹೊಟ್ಟೆ ಕೆಡಿಸುತ್ತದೆಂದು ಒಂದು ಚಮಚ ಎಣ್ಣೆಯೊಂದಿಗೆ ನುಂಗುವವರಿದ್ದಾರೆ. ಅದರಿಂದ ಹುಣ್ಣು ತಪ್ಪುವುದಿಲ್ಲ. ಮಾತ್ರೆ ಜಠರದ ಗೋಡೆಗೆ ತಾಗಿ ಕೆರಳಿಸುವುದು ತೊಂದರೆಯ ಒಂದು ಪಾಲಷ್ಟೇ. ದೊಡ್ಡ ಪಾಲು ರಕ್ತದ ಮೂಲಕ ಬರುತ್ತದೆ: ಔಷಧ ದೇಹದ ಕಾಕ್ಸ್-1 ಎಂಬ ಕಿಣ್ವವನ್ನು ತಡೆದಾಗ ಅದು ತಯಾರಿಸುವ ಪ್ರೊಸ್ಟಾಗ್ಲಾಂಡಿನ್ ಎಂಬ ರಕ್ಷಕ ರಾಸಾಯನಿಕ ತಗ್ಗುತ್ತದೆ, ಜಠರವನ್ನು ಆಮ್ಲದಿಂದ ಕಾಯುವ ಲೋಳೆ ಮತ್ತು ಬೈಕಾರ್ಬೊನೇಟ್ ಕಡಿಮೆಯಾಗುತ್ತವೆ. ಇದೇ ಔಷಧವನ್ನು ಇಂಜೆಕ್ಷನ್ ಆಗಿ ತೆಗೆದುಕೊಂಡರೂ ಹುಣ್ಣಾಗಬಹುದು. ಮೇಲಾಗಿ ಜಿಡ್ಡು ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುತ್ತದೆ. ಕರುಳಿನಲ್ಲಿ ಕರಗಬೇಕಾದ ಮಾತ್ರೆ ಜಠರದಲ್ಲೇ ಕೂತು ನೋವು ಇಳಿಯುವುದೂ ತಡವಾಗುತ್ತದೆ.

ಎಣ್ಣೆಗೆ ನಿಜವಾದ ಕೆಲಸವಿರುವುದು ಚರ್ಮದ ಮೇಲೆ. ಕೆಲವು ಡೈಕ್ಲೋಫೆನಾಕ್ ಜೆಲ್‌ಗಳಲ್ಲಿ 3% ಅಗಸೆ ಎಣ್ಣೆ, 5% ಮೆಂಥಾಲ್ ಇರುತ್ತವೆ. ಇವು ಚರ್ಮದ ಹೊರಪದರದ ಕೊಬ್ಬನ್ನು ಸಡಿಲಿಸಿ ಔಷಧ ಒಳಗಿಳಿಯಲು ನೆರವಾಗುತ್ತವೆ. ಜೆಲ್‌ನಿಂದ ರಕ್ತಕ್ಕೆ ಸೇರುವ ಔಷಧ, ಮಾತ್ರೆಯಿಂದ ಸೇರುವುದರ ಸುಮಾರು 6% ಮಾತ್ರ. ಹೊಟ್ಟೆಗೆ ಸಿಗುವ ನೆಮ್ಮದಿ ಇದರಿಂದಲೇ.

ಮಾತ್ರೆ ಪುಡಿಮಾಡಿ ಮನೆಯ ಎಣ್ಣೆಗೆ ಕಲಸಬೇಡಿ. ಡೈಕ್ಲೋಫೆನಾಕ್ ಸೋಡಿಯಂ ಒಂದು ಲವಣ. ಎಣ್ಣೆಯಲ್ಲಿ ಕರಗುವುದಿಲ್ಲ, ತಳದಲ್ಲಿ ಬಿಳಿ ಪುಡಿಯಾಗಿ ಕೂರುತ್ತದೆ. ಕರಗದ್ದು ಚರ್ಮ ದಾಟುವುದಿಲ್ಲ.

ಜೆಲ್‌ನಿಂದ ಉಪಯೋಗವಿಲ್ಲ ಎನ್ನುವವರಲ್ಲಿ ಕೆಲವರು ಕಡಲೆ ಕಾಳಿನಷ್ಟೇ ಹಚ್ಚಿರಬಹುದು. 1% ಡೈಕ್ಲೋಫೆನಾಕ್ ಜೆಲ್ ಮಂಡಿಗೆ, ಹಿಮ್ಮಡಿ ಗಂಟಿಗೆ ಒಂದು ಸಲಕ್ಕೆ 4 ಗ್ರಾಂ ಬೇಕು. ಮೊಣಕೈ, ಮಣಿಕಟ್ಟು, ಬೆರಳುಗಳಿಗೆ 2 ಗ್ರಾಂ. ದಿನಕ್ಕೆ ನಾಲ್ಕು ಸಲ, ಎಲ್ಲ ಕೀಲುಗಳೂ ಸೇರಿ 32 ಗ್ರಾಂ ಮೀರಬಾರದು. ಟ್ಯೂಬ್ ಜೊತೆ ಅಳತೆ ಪಟ್ಟಿ ಬಂದಿದ್ದರೆ ಅದನ್ನೇ ಬಳಸಿ. ಆದರೆ ಈ ಲೆಕ್ಕ ಬರಿಯ ಡೈಕ್ಲೋಫೆನಾಕ್ ಜೆಲ್‌ಗೆ. ಅಗಸೆ ಎಣ್ಣೆಯ ಟ್ಯೂಬ್‌ಗಳಲ್ಲಿ ಸಾಮಾನ್ಯವಾಗಿ ಆಸ್ಪಿರಿನ್ ಬಳಗದ ಮಿಥೈಲ್ ಸ್ಯಾಲಿಸಿಲೇಟ್ 10% ಕೂಡ ಇರುವುದರಿಂದ ಅವುಗಳ ಮೇಲೆ ಬರೆದ ಪ್ರಮಾಣವನ್ನು ಮೀರಬೇಡಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ, ಆಸ್ಪಿರಿನ್ ಅಲರ್ಜಿ ಇರುವವರಿಗೆ ಈ ಮಿಶ್ರಣ ಬೇಡ.

ತೊಳೆದು ಒಣಗಿಸಿದ ಚರ್ಮಕ್ಕೆ ಕೀಲಿನ ಸುತ್ತಲೂ ಹಗುರಾಗಿ ಸವರಿ, ಮಂಡಿಯಾದರೆ ಹಿಂಬದಿಗೂ. 10 ನಿಮಿಷ ಬಟ್ಟೆ ಮುಚ್ಚಬೇಡಿ, ಒಂದು ಗಂಟೆ ನೀರು ತಾಕಿಸಬೇಡಿ. ಕೈ ತೊಳೆಯಿರಿ, ಬೆರಳಿಗೇ ಹಚ್ಚಿದ್ದರೆ ಆ ಒಂದು ಗಂಟೆಯ ನಂತರ. ಮೇಲೆ ಬಿಸಿನೀರಿನ ಚೀಲ, ಪ್ಲಾಸ್ಟಿಕ್ ಪಟ್ಟಿ ಕೂಡದು: ಔಷಧ ಅತಿಯಾಗಿ ಒಳಗಿಳಿಯುತ್ತದೆ, ಚರ್ಮ ಸುಡಲೂಬಹುದು. ಗಾಯ, ತುರಿಕಜ್ಜಿ ಇದ್ದಲ್ಲಿ ಹಚ್ಚಬೇಡಿ. ಸೊಂಟದ ಕೀಲು ತುಂಬ ಆಳದಲ್ಲಿರುವುದರಿಂದ ಅಲ್ಲಿ ಜೆಲ್‌ನಿಂದ ಹೆಚ್ಚು ನಿರೀಕ್ಷಿಸಬೇಡಿ.

ಜೆಲ್ ಹಚ್ಚುತ್ತಲೇ ಮಾತ್ರೆಯನ್ನೂ ನುಂಗಿದರೆ ಹೊಟ್ಟೆಗೆ ಲಾಭವೇ ಇಲ್ಲ. ಮಾತ್ರೆ ಬಿಡಲಾಗದವರು, ಅದರಲ್ಲೂ 65 ದಾಟಿದವರು, ಹಿಂದೆ ಹುಣ್ಣಾದವರು, ಆಮ್ಲ ತಗ್ಗಿಸುವ ಒಮೆಪ್ರಜೋಲ್‌ನಂಥ ಔಷಧ ಜೊತೆಗೆ ಬೇಕೇ ಎಂದು ವೈದ್ಯರನ್ನು ಕೇಳಲಿ. ಗರ್ಭಿಣಿಯರು, ಮೂತ್ರಪಿಂಡದ ತೊಂದರೆ ಇರುವವರು ಜೆಲ್‌ಗೂ ಮೊದಲೇ ಕೇಳಬೇಕು. ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.