ಬುಲೆಟ್ ಹೆಡ್ಡಿನೊಳಗೆ ಗಾಳಿ ಎಲ್ಲಿ ಎಡವುತ್ತದೆ

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಗೌಡರೊಬ್ಬರ ಹಳೇ ಬುಲೆಟ್ 350 ಬೈಕಿನ ಹೆಡ್ಡನ್ನು, ಅಂದರೆ ಎಂಜಿನ್ ಸಿಲಿಂಡರಿನ ಮೇಲೆ ಕೂರುವ ಭಾಗವನ್ನು, ನಾನೇ ಕೈಯಾರೆ ಹಾಳು ಮಾಡಿದ್ದೆ. ಆಗುಂಬೆ ಘಾಟಿಯಲ್ಲಿ ಗಾಡಿ ಎಳೆಯುತ್ತಿಲ್ಲ ಅಂತ ಬಂದಿದ್ದರು. ಡೈ ಗ್ರೈಂಡರ್ ಹಿಡಿದು ಇನ್‌ಟೇಕ್ ಪೋರ್ಟನ್ನು, ಅಂದರೆ ಸಿಲಿಂಡರಿಗೆ ಗಾಳಿ ಹೋಗುವ ದಾರಿಯನ್ನು, ಉದ್ದಕ್ಕೂ ಅಗಲ ಮಾಡಿ, ಕನ್ನಡಿ ಹಾಗೆ ಪಾಲಿಶ್ ಹೊಡೆದು ಕೊಟ್ಟೆ. ವಾರ ಬಿಟ್ಟು ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನ ನನ್ನ ಶೆಡ್ಡಿಗೆ ಬಂದವರೇ, "ಎಂತ ಮಾಡಿದ್ಯಾ ಮಾರಾಯ? ಮೂರನೇ ಗೇರಲ್ಲಿ ಹತ್ತುತ್ತಿದ್ದ ತಿರುವಿಗೆ ಈಗ ಎರಡು ಹಾಕ್ಬೇಕು" ಅಂದರು. ಆ ಘಾಟಿಯಲ್ಲಿರುವುದು 14 ಹೇರ್‌ಪಿನ್ ತಿರುವು. ಅಷ್ಟೂ ಕಡೆ ನನ್ನನ್ನು ನೆನೆಸಿಕೊಂಡಿರಬೇಕು.

ಬೋರ್ (ಸಿಲಿಂಡರಿನ ಅಗಲ) 70 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 90 ಮಿ.ಮೀ. ಇರುವ ಎಂಜಿನ್ ಅದು. ಕಡಿಮೆ ಆರ್‌ಪಿಎಂನಲ್ಲೇ ಎಳೆಯಬೇಕು. ಪೋರ್ಟ್ ಅಗಲವಾದಷ್ಟೂ ಗಾಳಿಯ ವೇಗ ಬೀಳುತ್ತದೆ, ಸಿಲಿಂಡರ್ ಸರಿಯಾಗಿ ತುಂಬುವುದಿಲ್ಲ. ಓದಿ ಗೊತ್ತಿತ್ತು, ಕೈ ಕೇಳಲಿಲ್ಲ.

ಗುಜರಿಯಿಂದ ನನ್ನ ದುಡ್ಡಲ್ಲೇ ಇನ್ನೊಂದು ಹೆಡ್ ತಂದೆ. ಈ ಸಲ ಗ್ರೈಂಡರ್ ಮುಟ್ಟುವ ಮೊದಲು ಒಳಗೆ ಗಾಳಿ ಹೇಗೆ ಓಡುತ್ತದೆ ನೋಡೋಣ ಅಂತ ಓಪನ್‌ಫೋಮ್ ಹಾಕಿಕೊಂಡೆ. ಗಾಳಿ, ನೀರಿನ ಹರಿವನ್ನು ಲೆಕ್ಕ ಹಾಕುವ, ದುಡ್ಡು ಕೊಡಬೇಕಿಲ್ಲದ ಸಾಫ್ಟ್‌ವೇರ್. ಆದರೆ ಮೊದಲು ಪೋರ್ಟಿನ ಆಕಾರ ಕಂಪ್ಯೂಟರಿಗೆ ಹೋಗಬೇಕಲ್ಲ. ಸ್ಕ್ಯಾನರ್ ನಮ್ಮ ಕೈಗೆಟುಕುವ ಮಾತಲ್ಲ. ಪೋರ್ಟಿನ ಒಳಮೈಗೆ ತೆಳುವಾಗಿ ಎಣ್ಣೆ ಸವರಿ ಸಿಲಿಕೋನ್ ರಬ್ಬರ್ ಹುಯ್ದು, ಮರುದಿನ ಎಳೆದು ತೆಗೆದೆ. ಅದನ್ನು ಡಬ್ಬಿಯಲ್ಲಿಟ್ಟು ಸುತ್ತ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿದೆ. ಗಟ್ಟಿಯಾದ ಮೇಲೆ ಹ್ಯಾಕ್ಸಾದಲ್ಲಿ ಬದನೆಕಾಯಿ ಹೆಚ್ಚಿದ ಹಾಗೆ ಬಿಲ್ಲೆ ಬಿಲ್ಲೆ ಕೊಯ್ದೆ. ಪ್ಲಾಸ್ಟರ್ ಇಲ್ಲದಿದ್ದರೆ ರಬ್ಬರ್ ಗರಗಸದ ಕೆಳಗೆ ಜಗ್ಗಿ ಆಕಾರ ಕೆಡುತ್ತದೆ. ಒಂದೊಂದು ಬಿಲ್ಲೆಯನ್ನೂ ಗ್ರಾಫ್ ಹಾಳೆಯ ಮೇಲಿಟ್ಟು ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಫ್ರೀಕ್ಯಾಡ್‌ನಲ್ಲಿ ಗೆರೆ ಎಳೆದು ಜೋಡಿಸಿದೆ. ಗರಗಸ ತಿಂದ ದಪ್ಪವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮೊದಲ ಸಲ ಮರೆತು, ನನ್ನ ಪೋರ್ಟ್ ಗಿಡ್ಡವಾಗಿಬಿಟ್ಟಿತ್ತು.

ಲೆಕ್ಕ ನಿಜವೋ ಸುಳ್ಳೋ ನೋಡಲು ಹೆಡ್ಡಿನೊಳಗೆ ಎಷ್ಟು ಗಾಳಿ ಹರಿಯುತ್ತದೆ ಅಂತ ಅಳೆಯುವ ಒಂದು ಫ್ಲೋ ಬೆಂಚ್ ಬೇಕು. ಎರಡು ವ್ಯಾಕ್ಯೂಮ್ ಕ್ಲೀನರ್ ಮೋಟಾರ್, ಪ್ಲೈವುಡ್ ಪೆಟ್ಟಿಗೆ, ಅಳತೆಯ ತೂತಿರುವ ತಗಡು, ಬಣ್ಣದ ನೀರು ತುಂಬಿದ ಪಾರದರ್ಶಕ ಪೈಪು. ದೊಡ್ಡ ಟ್ಯೂನರ್‌ಗಳು ಪೈಪಿನಲ್ಲಿ 28 ಇಂಚು ನೀರು ಏರಿಸುವಷ್ಟು ಒತ್ತಡದಲ್ಲಿ ಅಳೆಯುತ್ತಾರೆ. ನನ್ನ ಮೋಟಾರಿಗೆ 10 ಇಂಚೇ ಹೆಚ್ಚು, ಅಂದರೆ ಸುಮಾರು 2,490 ಪ್ಯಾಸ್ಕಲ್. ಕಂಪ್ಯೂಟರಿಗೂ ಅಷ್ಟನ್ನೇ ಕೊಟ್ಟೆ. ಇಷ್ಟು ಕಡಿಮೆ ಒತ್ತಡದಲ್ಲಿ ಗಾಳಿ ಕುಗ್ಗುವುದನ್ನು ಬಿಟ್ಟು ಲೆಕ್ಕ ಹಾಕಿದರೂ ನಡೆಯುತ್ತದೆ, ಹಾಗಾಗಿ ಅದೇ ಸಾಫ್ಟ್‌ವೇರಿನ ಸರಳ ಲೆಕ್ಕದ ಭಾಗವಾದ ಸಿಂಪಲ್‌ಫೋಮ್ ಸಾಕಾಯಿತು.

ಎಡವಿದ್ದೂ ಅಲ್ಲೇ. ಸಿಂಪಲ್‌ಫೋಮ್ ಒತ್ತಡವನ್ನು ಪ್ಯಾಸ್ಕಲ್‌ನಲ್ಲಿ ಕೇಳುವುದಿಲ್ಲ, ಗಾಳಿಯ ಸಾಂದ್ರತೆಯಿಂದ ಭಾಗಿಸಿ ಕೊಡಬೇಕು. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಮೇಲಿದೆ. ಇಲ್ಲಿಯ ಗಾಳಿ ಘನ ಮೀಟರಿಗೆ ಸುಮಾರು 1.1 ಕೆ.ಜಿ. ನಾನು ಭಾಗಿಸದೆ ನೇರ 2,490 ಹಾಕಿ, ಕಂಪ್ಯೂಟರಿನ ಹರಿವು ಬೆಂಚಿಗಿಂತ ಶೇ. 5ರಷ್ಟು ಹೆಚ್ಚು ಬಂತು ಅಂತ ಬೆಂಚನ್ನೇ ಬೈದುಕೊಂಡು ಎರಡು ದಿನ ಅದರ ಸೋರಿಕೆ ಹುಡುಕಿದೆ. ಸಾಲದ್ದಕ್ಕೆ ಮಗಳ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿತ್ತು. ಆಷಾಢದ ಮಳೆಗೆ ಕರೆಂಟ್ ಹೋಗಿ ಏಳು ಗಂಟೆಯ ಲೆಕ್ಕ ಮಣ್ಣುಪಾಲು. ಪ್ರತಿ ನೂರು ಸುತ್ತಿಗೊಮ್ಮೆ ಸೇವ್ ಆಗುವ ಹಾಗೆ ಬರೆಯುವುದು ಆಮೇಲೆ ಬಂದ ಬುದ್ಧಿ.

ಕೊನೆಗೆ ಲೆಕ್ಕವನ್ನು ಬಣ್ಣದ ಚಿತ್ರವಾಗಿ ತೋರಿಸುವ ಪ್ಯಾರಾವ್ಯೂನಲ್ಲಿ ಚಿತ್ರ ತೆರೆದಾಗ ನನ್ನ ತಪ್ಪು ಬಣ್ಣದಲ್ಲೇ ಕಂಡಿತು. ಪೋರ್ಟ್ ವಾಲ್ವ್ ಕೂರುವ ಸೀಟಿನ ಕಡೆ ಬಾಗುವಲ್ಲಿ, ಒಳತಿರುವಿನ ತಳದಲ್ಲಿ, ನೀಲಿ ಮಚ್ಚೆ, ಅಂದರೆ ಗಾಳಿ ನಿಧಾನ. ತಿರುವಿನಲ್ಲಿ ಹೊಳೆ ದಡ ಬಿಟ್ಟು ಆಚೆಗೆ ನುಗ್ಗಿದಾಗ ಈಚೆ ನೀರು ಸುಮ್ಮನೆ ಸುತ್ತುತ್ತದಲ್ಲ, ಹಾಗೆ. ಗಾಳಿ ತಳ ಬಿಟ್ಟು ಸೂರಿಗೆ ಅಂಟಿಕೊಂಡು ಓಡುತ್ತಿತ್ತು. ಹಳೇ ಹೆಡ್ಡಿನಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ತೇಯ್ದಿದ್ದು ಆ ತಳವನ್ನೇ, ಗ್ರೈಂಡರಿನ ತೇಯುವ ತುದಿ, ಬರ್, ಸಲೀಸಾಗಿ ಹೋಗುವ ಜಾಗ ಅಂತ. ತಳ ಇಳಿದಷ್ಟೂ ತಿರುವು ಮೊನಚಾಗುತ್ತದೆ.

ಕಂಪ್ಯೂಟರಿನಲ್ಲೇ ಮೂರು ಆಕಾರ ಮಾಡಿ ನೋಡಿದೆ. ಎರಡನೆಯದು ಮೊದಲಿಗಿಂತ ಕಡೆ. ಮೂರನೆಯದರಲ್ಲಿ ತಳ ಎತ್ತಿ, ತಿರುವನ್ನು ಗುಂಡಗೆ ಮಾಡಿ, ವಾಲ್ವ್ ಕಡ್ಡಿ ಹಿಡಿಯುವ ಗೈಡಿನ ಉಬ್ಬನ್ನು ಮಾತ್ರ ಎರಡು ಬದಿ ಸಣ್ಣಗೆ ಕೆತ್ತಿದೆ. ನಿಜದ ಹೆಡ್ಡಿನಲ್ಲಿ ತಳ ಎತ್ತಲು ಅಲ್ಯೂಮಿನಿಯಂ ಪುಡಿ ಬೆರೆಸಿದ ಎಪಾಕ್ಸಿ ಬಳಸಿದೆ. ಅದಕ್ಕೂ ಮೊದಲು ಅದರ ತುಂಡೊಂದನ್ನು ಹದಿನೈದು ದಿನ ಪೆಟ್ರೋಲಿನಲ್ಲಿ ಮುಳುಗಿಸಿಟ್ಟಿದ್ದೆ. ಕಳಚಿ ಎಂಜಿನ್ನಿಗೆ ಬಿದ್ದರೆ ಗೌಡರಿಗೆ ಮುಖ ತೋರಿಸುವುದು ಹೇಗೆ?

ವಾಲ್ವ್ 6 ಮಿ.ಮೀ. ತೆರೆದಾಗ ಹರಿವು ಶೇ. 9 ಹೆಚ್ಚಬೇಕು ಅಂತ ಕಂಪ್ಯೂಟರ್ ಹೇಳಿತ್ತು. ಬೆಂಚಿನಲ್ಲಿ ಸಿಕ್ಕಿದ್ದು ಶೇ. 6. ಕಂಪ್ಯೂಟರಿನ ಅಂಕಿಯನ್ನು ನಾನು ಈಗಲೂ ನಂಬುವುದಿಲ್ಲ. ಯಾವ ಆಕಾರ ಯಾವುದಕ್ಕಿಂತ ಮೇಲು, ಗಾಳಿ ಎಲ್ಲಿ ಬಿಡುತ್ತದೆ, ಇಷ್ಟನ್ನು ನಂಬುತ್ತೇನೆ. ಗೌಡರು ಘಾಟಿ ಹತ್ತಿ ಫೋನ್ ಮಾಡಿ, "ಮೂರರಲ್ಲೇ ಬಂತು" ಅಂದು ಇಟ್ಟುಬಿಟ್ಟರು.

ಅವರ ನೆಂಟರೊಬ್ಬರು ಅದೇ ವರ್ಷದ ಬುಲೆಟ್ ತಂದು "ನಂಗೂ ಹಾಗೇ ಮಾಡು" ಅಂದರು. ಗೌಡರ ಹೆಡ್ಡಿನ ಆಕಾರಕ್ಕೆ ಕತ್ತರಿಸಿದ ತಗಡಿನ ಟೆಂಪ್ಲೇಟ್ ಇಟ್ಟರೆ ಒಂದು ಬದಿ ಕೂರಲೇ ಇಲ್ಲ. ಮಾಚೇನಹಳ್ಳಿಯ ಫೌಂಡ್ರಿಯಲ್ಲಿ ಕೆಲಸ ಮಾಡುವ ಗೆಳೆಯನಿಗೆ ತೋರಿಸಿದೆ. ಬೆರಳು ಹಾಕಿ ನೋಡಿ, "ಎರಕ ಹುಯ್ಯುವಾಗ ತೂತಿಗೆ ಅಂತ ಒಳಗಿಟ್ಟ ಕೋರ್ ಜರುಗಿದೆ ಮಾರಾಯ, ಈ ಕಡೆ ಗೋಡೆ ತೆಳು, ತೇಯ್ದೀಯ ಮತ್ತೆ" ಅಂದ. ಈಗ ಆ ಹೆಡ್ಡಿಗೂ ಸಿಲಿಕೋನ್ ಹುಯ್ದಿಟ್ಟಿದ್ದೇನೆ, ಇನ್ನೂ ಗಟ್ಟಿಯಾಗಿಲ್ಲ.